ಪ್ರಶಸ್ತಿಯೂ ಸಾಕ್ಷ್ಯವೂ

ಗತಿಸಿಹೋದ ಮನುಷ್ಯನೊಬ್ಬನನ್ನು ನಾವು ಯಾವುದರಿಂದ ಅರಿಯಬೇಕು? ಅವನು ತನ್ನ ವಿಷಯವಾಗಿ ತಾನೇ ಬರೆಯಿಸಿದುದರಿಂದಲೋ, ಪರರು ಕೇಳಲಾಗಿ ನುಡಿದ ಉತ್ತರದಿಂದಲೋ? ಇದು ಕೇವಲ ಇತಿಹಾಸಕಾರರ ಪ್ರಶ್ನೆಯೆಂದು ತೋರಬಹುದು. ಆದರೆ ಸತ್ತವರು ತಮ್ಮ ಪರವಾಗಿ ವಾದಿಸಲಾರರು. ಅವರಿಗೆ ನ್ಯಾಯ ಸಲ್ಲಿಸುವ ಹೊಣೆ ಬದುಕಿರುವವರದು. ಆದಕಾರಣ ಇದು ಧರ್ಮವಿಚಾರವೂ ಹೌದು. ಎರಡು ಬಗೆಯ ವರ್ತಕರ ನಿದರ್ಶನದಿಂದ ಇದನ್ನು ಪರಿಶೀಲಿಸೋಣ.

ಮಲಪ್ರಭೆಯ ದಂಡೆಯ ಐಹೊಳೆಯು ಪ್ರಶಸ್ತಿಗೆ ಹೆಸರಾದ ಊರು. ಅಲ್ಲಿಯ ಮೇಗುತಿ ಗುಡಿಯ ಶಾಸನದಲ್ಲಿ ರವಿಕೀರ್ತಿಯು ಕ್ರಿ. ಶ. ೬೩೪ರಲ್ಲಿ ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಕೊಂಡಾಡಿ, ಕಡೆಗೆ ತನ್ನನ್ನೂ ಕಾಳಿದಾಸ ಭಾರವಿಗಳ ಸಾಲಿನಲ್ಲಿ ನಿಲ್ಲಿಸಿಕೊಂಡನು. ಆ ಊರ ಹೆಸರನ್ನೇ ಹೊತ್ತ ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದವರೂ ಈ ವಿದ್ಯೆಯಲ್ಲಿ ಹಿಂದುಳಿದವರಲ್ಲ. ಶಿಕಾರಿಪುರ ಸೀಮೆಯ ಹನ್ನೊಂದನೆಯ ಶತಮಾನದ ಶಾಸನವೊಂದರಲ್ಲಿ, ತಾವು ಚೇರ ಚೋಳ ಪಾಂಡ್ಯ ಮಗಧ ನೇಪಾಳಾದಿ ದೇಶಗಳನ್ನು ನೆಲದಿಂದಲೂ ಜಲದಿಂದಲೂ ಹೊಕ್ಕವರೆಂದೂ, ಆನೆ ಕುದುರೆ ಮುತ್ತು ಏಲಕ್ಕಿ ಲವಂಗ ಕರ್ಪೂರ ಕಸ್ತೂರಿಗಳನ್ನು ಮಾರುವವರೆಂದೂ, ಚಕ್ರವರ್ತಿಯ ಭಂಡಾರವನ್ನು ತುಂಬಿ ಉಳಿದುದನ್ನು ಪಂಡಿತರಿಗೂ ಮುನಿಗಳಿಗೂ ದಾನಮಾಡುವವರೆಂದೂ ಹೇಳಿಕೊಂಡಿರುವರು. ಓದುವವನ ಕಿವಿ ತುಂಬುತ್ತದೆ. ಆದರೆ ಐನೂರ್ವರಲ್ಲಿ ಒಬ್ಬನ ಮುಖವಾದರೂ ಕಾಣುವುದಿಲ್ಲ. ಯಾರಿಗೆ ಸಾಲವಿತ್ತು, ಯಾರ ಸರಕು ನೀರುಪಾಲಾಯಿತು ಎಂಬುದು ಆ ಹೊಗಳಿಕೆಯಲ್ಲಿ ಬರುವುದಿಲ್ಲ.

ಇದಕ್ಕೆ ವಿರುದ್ಧವಾದ ಚಿತ್ರವು ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿದೆ. ಕಡಲ ವ್ಯವಹಾರದ ತಂಟೆಗಳನ್ನು ವಿಚಾರಿಸುತ್ತಿದ್ದ ಅಡ್ಮಿರಾಲ್ಟಿ ನ್ಯಾಯಸ್ಥಾನದ ಕಡತಗಳು ಇಂದಿಗೂ ಉಳಿದಿವೆ. ೧೬೩೮ರಲ್ಲಿ ನಮ್ಮ ಕಾರವಾರದಲ್ಲಿ ವಖಾರಿಯಿಟ್ಟು ಹುಬ್ಬಳ್ಳಿ ಸೀಮೆಯ ಬಟ್ಟೆಯನ್ನು ಹಡಗಿಗೇರಿಸಿದವರ ದೇಶಬಾಂಧವರೇ ಅಲ್ಲಿ ಸಾಕ್ಷಿಗಳಾಗಿ ನಿಂತವರು. ವರ್ತಕನು ಪ್ರಮಾಣಮಾಡಿ ಹೆಸರು, ವಾಸಸ್ಥಳ, ಕಸಬುಗಳನ್ನು ಹೇಳಬೇಕು. ವಯಸ್ಸನ್ನು ‘ನಲವತ್ತು ಅಥವಾ ಅದರ ಆಸುಪಾಸು’ ಎಂಬಂತೆ ಬರೆದುಕೊಳ್ಳುವರು. ವಾದಿ ಪ್ರತಿವಾದಿಗಳ ಪರಿಚಯ ಎಷ್ಟು ವರ್ಷದ್ದು? ಸರಕಿನಲ್ಲಿ ನಿನಗೆ ಪಾಲುಂಟೆ? ಸಾಲ ತೀರಿಸಿದರೆ ನಿನ್ನ ಕೈಯಲ್ಲಿ ಉಳಿಯುವುದೆಷ್ಟು? ಇಂಥ ಪ್ರಶ್ನೆಗಳಿಗೆ ಉತ್ತರಿಸಿ, ಕಡೆಗೆ ರುಜು ಹಾಕಬೇಕು. ಬರಹ ತಿಳಿಯದವನು ಗುರುತು ಹಾಕಬೇಕು. ತನ್ನ ಜೀವನಚರಿತ್ರೆಯನ್ನು ಹೇಳುವ ಉದ್ದೇಶ ಅವನಿಗಿಲ್ಲ. ಆದರೂ ಜೀವನದ ಒಂದು ಎಳೆ ಅವನ ಬಾಯಿಂದ ಜಾರಿಬೀಳುತ್ತದೆ.

ಹಾಗಾದರೆ ಕಲ್ಲು ಸುಳ್ಳು, ಕಾಗದ ನಿಜವೆನ್ನೋಣವೆ? ಅದು ಅವಸರದ ತೀರ್ಪಾದೀತು. ಯಾರು ಗೆಲ್ಲಬೇಕೆಂದು ನಿನ್ನ ಇಷ್ಟವೆಂದು ಕೇಳಿದಾಗ ಆ ಸಾಕ್ಷಿಗಳು ಸಾಮಾನ್ಯವಾಗಿ ಕೊಡುತ್ತಿದ್ದ ಉತ್ತರ, ನ್ಯಾಯವೇ ಗೆಲ್ಲಲಿ ಎಂಬುದು. ಇದೂ ಒಂದು ಬಿರುದೇ ಸರಿ. ಅದಕ್ಕಿಂತ ದೊಡ್ಡ ಕೊರತೆ ಮತ್ತೊಂದಿದೆ. ನ್ಯಾಯಸ್ಥಾನವು ಮನುಷ್ಯನನ್ನು ಕಾಣುವುದು ಹಡಗು ಒಡೆದ ದಿನ, ಮಾತು ಮುರಿದ ದಿನ. ಸರಕು ಸುಖವಾಗಿ ದಡ ಸೇರಿ, ಹಣ ವಾಯಿದೆಗೆ ಸಂದಾಯವಾದ ವ್ಯವಹಾರಕ್ಕೆ ಅಲ್ಲಿ ಕಡತವಿಲ್ಲ. ನೇರವಾಗಿ ನಡೆದವನ ನೂರು ವ್ಯವಹಾರಗಳು ಮೌನವಾಗಿ ಮುಳುಗಿ, ಒಂದು ಜಗಳ ಮಾತ್ರ ಮೇಲೆ ತೇಲುವುದು. ಅದೊಂದರಿಂದಲೇ ಅವನನ್ನು ಅಳೆಯುವುದು ಧರ್ಮವಲ್ಲ.

ಮತ್ತೆ ಕಲ್ಲಿನ ಕಡೆಗೆ ತಿರುಗಿ ನೋಡಿದರೆ, ಹೊಗಳಿಕೆ ಮುಗಿದ ಮೇಲೆ ಬರುವ ಒಣಸಾಲುಗಳು ಕಣ್ಣಿಗೆ ಬೀಳುತ್ತವೆ. ಬೆಳಗಾವಿಯ ೧೨೦೪ರ ರಟ್ಟ ಜಿನಾಲಯದ ಶಾಸನದಂಥವುಗಳಲ್ಲಿ, ಇಂಥ ಸರಕಿನ ಹೇರಿಗೆ ದೇವಾಲಯಕ್ಕೆ ಇಷ್ಟು ಎಂದು ವರ್ತಕರು ತಮಗೆ ತಾವೇ ಕಟ್ಟಳೆ ಹಾಕಿಕೊಂಡಿರುವರು. ಸುಮಾತ್ರಾ ದ್ವೀಪದ ಬಾರುಸಿನಲ್ಲಿ ಇದೇ ಐನೂರ್ವರ ಬಳಗದವರು ೧೦೮೮ರಲ್ಲಿ ನಿಲ್ಲಿಸಿದ ತಮಿಳು ಕಲ್ಲಿನಲ್ಲಿಯೂ, ಬಂದ ಹಡಗಿನವರು ಕಸ್ತೂರಿಯ ಬೆಲೆಯನ್ನನುಸರಿಸಿ ಬಂಗಾರ ತೆರಬೇಕೆಂಬ ವಿಧಿಯಿದೆ. ಇಲ್ಲಿ ದನಿ ತಗ್ಗಿದೆ, ಲೆಕ್ಕ ಬಂದಿದೆ. ‘ನಾವು ಉದಾರರು’ ಎಂದವನನ್ನು ಯಾರೂ ಹಿಡಿದು ಕೇಳಲಾರರು. ಹೇರಿಗಿಷ್ಟು ಕೊಡುವೆನೆಂದವನನ್ನು ಗುಡಿಯ ಪೂಜಾರಿಯೂ ಮರುದಿನವೇ ಕೇಳಬಹುದು.

ಆದುದರಿಂದ ಭೇದವಿರುವುದು ಕಲ್ಲಿಗೂ ಕಾಗದಕ್ಕೂ ಅಲ್ಲ. ಹೊಣೆಯಿರುವ ಮಾತಿಗೂ ಹೊಣೆಯಿಲ್ಲದ ಮಾತಿಗೂ. ಲಂಡನ್ನಿನ ಸಾಕ್ಷಿಯು ನಿರ್ಬಂಧದಿಂದ ಹೊಣೆ ಹೊತ್ತನು. ಐನೂರ್ವರು ಆ ಸಾಲುಗಳಲ್ಲಿ ತಾವಾಗಿಯೇ ಹೊತ್ತರು. ಕೇಳುವವರು ಬರುವ ಮೊದಲೇ ಉತ್ತರವನ್ನು ಕಲ್ಲಿನಲ್ಲಿ ಕೆತ್ತಿಸಿದವನ ಸತ್ಯವು, ಪ್ರಮಾಣಮಾಡಿಸಿ ಹೊರಡಿಸಿದ ಸತ್ಯಕ್ಕಿಂತ ಒಂದು ಮೆಟ್ಟಿಲು ಮೇಲಿನದೆಂದು ನಮಗೆ ತೋರುತ್ತದೆ. ಆ ಮಾತನ್ನು ನಡೆಯಿಸಿದವರಾರು, ತಪ್ಪಿದವರಾರು ಎಂಬುದನ್ನು ಕಲ್ಲು ಹೇಳದು. ಸುಂಕದ ಕಟ್ಟೆಯಲ್ಲಿ ಎತ್ತಿನ ಹೇರನ್ನಿಳಿಸಿ, ಯಾರೂ ನೋಡದಿದ್ದರೂ ಗುಡಿಯ ಪಾಲನ್ನು ಸರಿಯಾಗಿ ಅಳೆದಿಟ್ಟವನೂ ಆ ಐನೂರ್ವರಲ್ಲಿ ಇದ್ದಿರಬೇಕು. ಅವನಿಗೆ ಪ್ರಶಸ್ತಿಯೂ ಇಲ್ಲ, ಸಾಕ್ಷ್ಯವೂ ಇಲ್ಲ. ಗತಿಸಿದವರ ವಿಷಯದಲ್ಲಿ ತೀರ್ಪು ಹೇಳುವಾಗ ಅವನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನಮ್ಮ ಕರ್ತವ್ಯ.