ನೀರಿಗೆ ಬಿಟ್ಟ ಒಂದು ಹನಿ

ಬೆಲ್ಲದ ಪಾಕ ಕುದಿಯುವಾಗ ಅಜ್ಜಿ ಒಲೆಯ ಮುಂದಿನಿಂದ ಕದಲುತ್ತಿರಲಿಲ್ಲ. ಬಟ್ಟಲಲ್ಲಿ ತಣ್ಣೀರು ಇಟ್ಟುಕೊಂಡು, ಅದಕ್ಕೆ ಒಂದು ಹನಿ ಪಾಕ ಬಿಟ್ಟು ಬೆರಳಲ್ಲಿ ಉರುಳಿಸುತ್ತಿದ್ದಳು. ಹನಿ ಕರಗಿದರೆ ಇನ್ನೂ ಹೊತ್ತಿದೆ ಎಂದರ್ಥ. ಉಂಡೆ ಕಟ್ಟಿತೋ, ಪಾತ್ರೆ ತಕ್ಷಣ ಕೆಳಗೆ. "ಪಾಕ ಬರಿಸೋದು ಬೆಂಕಿ ಕೆಲಸ ಕಣೋ, ಇಳಿಸೋದು ನಮ್ಮ ಕೆಲಸ" ಎನ್ನುತ್ತಿದ್ದಳು.

ಆ ಮಾತು ಎಷ್ಟೋ ವರ್ಷಗಳ ಮೇಲೆ ನೆನಪಾದದ್ದು ಒಂದು ಮೊಬೈಲ್ ಆಟದಿಂದ. ಅದರ ಹೆಸರು ಫ್ಲ್ಯಾಪಿ ಬರ್ಡ್. ಪರದೆ ಮುಟ್ಟಿದರೆ ಪುಟ್ಟ ಹಳದಿ ಹಕ್ಕಿ ರೆಕ್ಕೆ ಬಡಿದು ಮೇಲೇಳುತ್ತದೆ, ಸುಮ್ಮನಿದ್ದರೆ ಕೆಳಗಿಳಿಯುತ್ತದೆ. ಹಸಿರು ಕೊಳವೆಗಳ ನಡುವಿನ ಸಂದಿಯಲ್ಲಿ ಅದನ್ನು ತೂರಿಸಬೇಕು. ಒಂದು ಸಂದಿ ದಾಟಿದರೆ ಒಂದು ಅಂಕ, ಕೊಳವೆಗೆ ತಗುಲಿದರೆ ಮತ್ತೆ ಸೊನ್ನೆಯಿಂದ. 10 ಅಂಕಕ್ಕೆ ಕಂಚಿನ ಪದಕ, 40ಕ್ಕೆ ಪ್ಲಾಟಿನಂ. ಇಷ್ಟೇ ಆಟ.

ಮೊದಲ ದಿನ ಅರ್ಧ ಗಂಟೆ ಆಡಿದರೂ ನಾಲ್ಕು ಕೊಳವೆ ದಾಟಲಾಗಲಿಲ್ಲ. ಆಮೇಲೆ ತಪ್ಪು ಎಲ್ಲಿದೆ ಎಂದು ಹೊಳೆಯಿತು. ಹಕ್ಕಿ ಬಿದ್ದೀತೆಂಬ ಭಯಕ್ಕೆ ಒತ್ತುತ್ತಲೇ ಇದ್ದೆ, ಅದು ಹೋಗಿ ಮೇಲಿನ ಕೊಳವೆಗೆ ಬಡಿಯುತ್ತಿತ್ತು. ಬೆರಳೆತ್ತಿ, ಅದು ಒಂದಿಷ್ಟು ಇಳಿಯುವವರೆಗೆ ತಾಳಬೇಕು. ಒತ್ತುವುದು ಬೇಗ ಬಂತು, ತಾಳುವುದು ಬರಲು ದಿನಗಳೇ ಹಿಡಿದವು.

ಬದುಕಿನಲ್ಲೂ ನಮ್ಮ ಬೆರಳು ಒತ್ತುತ್ತಲೇ ಇರುತ್ತದೆ. ಪರೀಕ್ಷೆಗೆ ಕೂತ ಮಗಳನ್ನು ಗಂಟೆಗೊಮ್ಮೆ "ಎಷ್ಟು ಓದಿದೆ?" ಎಂದು ಕೇಳುತ್ತೇವೆ. ಜಗಳ ಮುಗಿದ ಮೇಲೂ ಇನ್ನೊಂದು ಮಾತು ಸೇರಿಸುತ್ತೇವೆ. ಬಿಟ್ಟರೆ ಎಲ್ಲಿ ಬೀಳುತ್ತದೋ ಎಂಬ ಭಯವೇ ಕಾಳಜಿಯ ವೇಷ ಹಾಕಿಕೊಂಡು ಬರುತ್ತದೆ.

ಈ ಆಟ ಮಾಡಿದವನು ವಿಯೆಟ್ನಾಮಿನ ಹನೋಯ್ ನಗರದ ಡಾಂಗ್ ನುಯೆನ್. ಎರಡು ಮೂರು ದಿನದಲ್ಲಿ ಕಟ್ಟಿದ ಆಟವನ್ನು 2013ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ. ತಿಂಗಳುಗಟ್ಟಲೆ ಯಾರೂ ತಿರುಗಿ ನೋಡಲಿಲ್ಲ. 2014ರ ಜನವರಿಯಲ್ಲಿ ಅದು ಜಗತ್ತಿನ ಮೊಬೈಲುಗಳನ್ನೆಲ್ಲ ತುಂಬಿತು. ಜಾಹೀರಾತಿನಿಂದ ದಿನಕ್ಕೆ ಸರಾಸರಿ 50,000 ಡಾಲರ್ ಬರುತ್ತಿದೆ ಎಂದು ಅವನೇ ಹೇಳಿದ್ದ.

ಅದೇ ಹೊತ್ತಿನಲ್ಲಿ ಅವನಿಗೆ ಬೇರೆ ಬಗೆಯ ಸಂದೇಶಗಳೂ ಬಂದವು. ಆಟದ ಗೀಳಿಗೆ ಕೆಲಸ ಕಳೆದುಕೊಂಡವರು, ಮಕ್ಕಳೊಡನೆ ಮಾತು ಬಿಟ್ಟ ತಾಯಿ. ಮೊದಲು ತಮಾಷೆ ಎಂದುಕೊಂಡವನಿಗೆ, ಜನ ನಿಜವಾಗಿ ನೋಯುತ್ತಿದ್ದಾರೆಂದು ಅರಿವಾಯಿತು. ಶಾಲಾ ದಿನಗಳಲ್ಲಿ ತಾನೂ ಕಂಪ್ಯೂಟರ್ ಆಟದ ಹುಚ್ಚಿಗೆ ಬಿದ್ದು ಪರೀಕ್ಷೆಯಲ್ಲಿ ಸೋತದ್ದು ಅವನಿಗೆ ನೆನಪಿತ್ತು. ಇನ್ನು 22 ಗಂಟೆಗಳಲ್ಲಿ ಆಟವನ್ನು ತೆಗೆದುಬಿಡುತ್ತೇನೆಂದು ಫೆಬ್ರವರಿಯಲ್ಲಿ ಪ್ರಕಟಿಸಿದ, ಹಾಗೆಯೇ ತೆಗೆದ. ಬಿಡುವಿದ್ದಾಗ ಕೆಲವೇ ನಿಮಿಷ ಆಡಲೆಂದು ಮಾಡಿದ್ದು ಚಟವಾಗಿಬಿಟ್ಟಿತು ಎಂಬುದು ಅವನ ಕೊರಗಾಗಿತ್ತು.

ನಷ್ಟ ಬಂದಾಗ ಅಂಗಡಿ ಮುಚ್ಚುವುದು ಎಲ್ಲರಿಗೂ ಗೊತ್ತು. ಗಲ್ಲಾಪೆಟ್ಟಿಗೆ ತುಂಬುತ್ತಿರುವಾಗ ಬಾಗಿಲು ಎಳೆದುಕೊಳ್ಳಲು ಎದೆ ಬೇಕು. ಆ ಎದೆ ಅವನಿಗೆ ಎಲ್ಲಿಂದ ಬಂತು ಎಂದು ಯೋಚಿಸಿದಾಗ ಅಜ್ಜಿಯ ನೀರಿನ ಬಟ್ಟಲು ಕಣ್ಣ ಮುಂದೆ ಬರುತ್ತದೆ. ಕುದಿಯುವ ಪಾಕವನ್ನು ಎಷ್ಟು ದಿಟ್ಟಿಸಿದರೂ ಹದ ತಿಳಿಯುವುದಿಲ್ಲ. ಒಂದು ಹನಿ ಹೊರತೆಗೆದು ತಣ್ಣೀರಿಗೆ ಬಿಡಬೇಕು. ಆ ಅಪರಿಚಿತರ ನೋವು ನುಯೆನ್‌ಗೆ ಅಂಥ ತಣ್ಣೀರಾಯಿತು. ತನ್ನ ಗೆಲುವನ್ನು ಅವನು ಅದರಲ್ಲಿ ಬಿಟ್ಟು ನೋಡಿದ.

ಅಂಥದೊಂದು ಬಟ್ಟಲು ನಮ್ಮ ಪಕ್ಕದಲ್ಲೂ ಇರುತ್ತದೆ. ರಾತ್ರಿ ಊಟಕ್ಕೆ ಕೂತಾಗ ಎದುರಿಗಿರುವ ಮುಖಗಳೇ ಅದು. ನಮ್ಮ ದುಡಿಮೆ, ನಮ್ಮ ಹಟ, ನಮ್ಮ ಬುದ್ಧಿಮಾತು ಆ ಮುಖಗಳಲ್ಲಿ ಏನಾಗುತ್ತಿದೆ ಎಂದು ದಿನಕ್ಕೊಮ್ಮೆ ನೋಡೋಣ. ಉಂಡೆ ಕಟ್ಟಿದೆ ಎನಿಸಿದರೆ, ಬೆಂಕಿ ಎಷ್ಟೇ ಚೆನ್ನಾಗಿ ಉರಿಯುತ್ತಿರಲಿ, ಪಾತ್ರೆ ಇಳಿಸೋಣ.