ತಂತ್ರಾಂಶದ ಋಣ

ಪುಕ್ಕಟೆ ಸಿಕ್ಕಿದ್ದನ್ನೆಲ್ಲ ದಾನದ ಲೆಕ್ಕಕ್ಕೆ ಬರೆದುಕೊಳ್ಳುವುದು ನಮ್ಮ ರೂಢಿ. ಕಂಪ್ಯೂಟರಿನಲ್ಲಿ ಧ್ವನಿಮುದ್ರಣ ಮಾಡುವ ಆಡಾಸಿಟಿಯೂ ಆ ಲೆಕ್ಕಕ್ಕೇ ಸೇರಿದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮಜೋನಿ, ರೋಜರ್ ಡಾನೆನ್‌ಬರ್ಗ್ ಬರೆಯತೊಡಗಿ 2000ದಲ್ಲಿ ಹೊರಬಿಟ್ಟ ಈ ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ, ನಿಜ. ಆದರೆ ಅದರ ಪರವಾನಗಿಯಾದ ಜಿಪಿಎಲ್‌ನಲ್ಲಿ ದಾನದ ಲಕ್ಷಣ ಕಾಣುವುದಿಲ್ಲ. ದಾನಿ 'ನ ಮಮ' (ನನ್ನದಲ್ಲ) ಎಂದ ಮೇಲೆ ಪಡೆದವನು ಏನು ಮಾಡಿಕೊಂಡರೂ ಕೇಳುವಂತಿಲ್ಲ. ಜಿಪಿಎಲ್ ಕೇಳುತ್ತದೆ: ಬಳಸು, ಬಿಚ್ಚಿ ನೋಡು, ತಿದ್ದು, ತಿದ್ದಿದ್ದನ್ನು ಹಂಚುವುದಾದರೆ ಸೋರ್ಸ್ ಕೋಡನ್ನೂ ಇದೇ ಷರತ್ತಿನ ಮೇಲೆ ಕೊಡು. ಇದು ಋಣದ ಕಟ್ಟು. ತೈತ್ತಿರೀಯ ಸಂಹಿತೆ ಹೇಳುವ ಮೂರು ಋಣಗಳಲ್ಲಿ ಋಷಿಗಳದ್ದು ತೀರುವುದು ಅವರಿಗೇನೋ ಹಿಂತಿರುಗಿಸಿ ಅಲ್ಲ, ಅವರು ಕಂಡದ್ದನ್ನು ಕಲಿತು. ಕೊಟ್ಟವರ ಕಡೆಗೆ ತಿರುಗದೆ ಮುಂದಕ್ಕೇ ಹರಿಯುವ ಸಾಲ ಅದು. 2021ರಲ್ಲಿ ಮ್ಯೂಸ್ ಗ್ರೂಪ್ ಎಂಬ ಕಂಪನಿ ಆಡಾಸಿಟಿಯನ್ನು ಕೊಂಡು, ಅದರ ಗೋಪ್ಯತಾ ನೀತಿಗೆ ಗಲಾಟೆ ಎದ್ದಾಗ, ಒಪ್ಪದವರು ಅದೇ ಕೋಡಿನಿಂದ ಟೆನಾಸಿಟಿ ಎಂಬ ಕವಲು ತೆಗೆದರು. ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಸಂಹಿತೆಯ ಆ ಮಾತು ಬ್ರಾಹ್ಮಣನನ್ನು ಕುರಿತದ್ದಲ್ಲವೇ ಎಂದು ಯಾರಾದರೂ ಕೇಳಬಹುದು, ಕೇಳಲೇಬೇಕು. ಓದುವ ಅಧಿಕಾರವೇ ಇಲ್ಲದವನಿಗೆ ಓದಿನ ಋಣವೂ ಇರಲಿಲ್ಲ. ಜಿಪಿಎಲ್ ಅಧಿಕಾರದ ಪ್ರಶ್ನೆಯನ್ನು ಕಿತ್ತುಹಾಕಿ ಋಣವನ್ನಷ್ಟೇ ಉಳಿಸಿಕೊಂಡಿತು. ನನಗೆ ಅದರ ದೊಡ್ಡತನ ಕಾಣುವುದು ಇಲ್ಲೇ.

ಕೋಡ್ ಬರೆಯಲು ಬಾರದವರು ಈ ಋಣ ತೀರಿಸುವುದು ಹೇಗೆ? ಸಂತೆಬಾಚಹಳ್ಳಿಯಲ್ಲಿ ಯಾರೋ ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ಹಾಡನ್ನು ರೆಕಾರ್ಡ್ ಮಾಡಿದರು ಎಂದುಕೊಳ್ಳೋಣ. ಹಿಂದೆ ಫ್ಯಾನಿನ ಗುಂಯ್‌ ಸದ್ದು. ಅದನ್ನು ತೆಗೆಯಲು ಆಡಾಸಿಟಿಯ ನಾಯ್ಸ್ ರಿಡಕ್ಷನ್‌ನಲ್ಲಿ, ಹಾಡಿಲ್ಲದ ಒಂದೆರಡು ಸೆಕೆಂಡು ಆರಿಸಿ 'ಗೆಟ್ ನಾಯ್ಸ್ ಪ್ರೊಫೈಲ್' ಒತ್ತಬೇಕು. ಆ ತುಣುಕಿನಲ್ಲಿದ್ದದ್ದೇ ಕಸ ಎಂದು ಅದು ತಿಳಿದುಕೊಂಡು ಇಡೀ ಹಾಡಿನಿಂದ ಗುಡಿಸುತ್ತದೆ. ಆದರೆ ನಮ್ಮಲ್ಲಿ ಹಾಡಿಗೆ ಮುಂಚೆಯೇ ತಂಬೂರಿ ಮೀಟು ಶುರುವಾಗಿರುತ್ತದೆ. ಶುರುವಿನ ತುಣುಕನ್ನು ಆರಿಸಿದರೆ ಫ್ಯಾನಿನ ಜೊತೆಗೆ ಶ್ರುತಿಯೂ ಸವೆದುಹೋಗುತ್ತದೆ. ತಂಬೂರಿ ಹಿಡಿಯುವ ಮೊದಲೇ ಖಾಲಿ ಕೋಣೆಯ ಸದ್ದನ್ನು ಹತ್ತು ಸೆಕೆಂಡು ಹಿಡಿದಿಟ್ಟುಕೊಳ್ಳಿ ಎಂಬ ಒಂದು ಸಾಲನ್ನು ಕನ್ನಡದಲ್ಲಿ ಬರೆದವರೂ, ಮೆನುವಿನ ನಾಲ್ಕು ಪದಗಳನ್ನು ಅನುವಾದಿಸಿದವರೂ ಕೋಡ್ ಬರೆದವರಷ್ಟೇ ಸಾಲ ತೀರಿಸಿದಂತೆ.

ಗಟ್ಟಿಯಾದ ಆಕ್ಷೇಪ ಬೇರೊಂದಿದೆ. ಸಲಕರಣೆ ಎಲ್ಲರದ್ದಾದರೆ ಅದರಲ್ಲಿ ಹಿಡಿದ ಹಾಡೂ ಎಲ್ಲರದ್ದೇ ಆಗಬೇಡವೇ? ಸಂತೆಬಾಚಹಳ್ಳಿಗೆ ಹತ್ತಿರದ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ತಿರುಕ್ಕೋಷ್ಟಿಯೂರಿನಲ್ಲಿ ಗುರು ಗುಟ್ಟಾಗಿ ಕೊಟ್ಟ ಮಂತ್ರವನ್ನು ಗೋಪುರ ಹತ್ತಿ ಸಾರಿದರೆಂದು ಪ್ರತೀತಿ. ಅದನ್ನು ಇಲ್ಲಿ ಸಾಕ್ಷಿಗೆ ಕರೆಯುವವರಿದ್ದಾರೆ. ಸಾಕ್ಷಿ ನಿಲ್ಲುವುದಿಲ್ಲ. ಆಡಾಸಿಟಿಯ ಕೋಡನ್ನು ಬಿಟ್ಟುಕೊಟ್ಟವರು ಅದನ್ನು ಬರೆದವರೇ. ನೀಲಗಾರರ ಹಾಡು ದೀಕ್ಷೆ ಪಡೆದು ಬಂದದ್ದು, ಅವರ ಹೊಟ್ಟೆಪಾಡೂ ಹೌದು. ಪ್ರತೀತಿಯ ರಾಮಾನುಜರು ಗುರುವಿನ ಮಾತು ಮೀರಿದ್ದಕ್ಕೆ ಬರುವ ನರಕವನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡರು. ಕೇಳದೆ ಹಾಡನ್ನು ಲೋಕಕ್ಕೆ ಹಂಚುವವನು ಹೆಸರನ್ನು ತಾನಿಟ್ಟುಕೊಂಡು ನಷ್ಟವನ್ನು ಹಾಡಿದವನಿಗೆ ಬಿಡುತ್ತಾನೆ. ಆ ಫೈಲನ್ನು ಹೊರಗೆ ಬಿಡಬೇಕೇ, ಯಾವ ಷರತ್ತಿನ ಮೇಲೆ ಎಂಬುದನ್ನು ಹೇಳಬೇಕಾದವರು ತಂಬೂರಿ ಹಿಡಿದವರು, ಮೌಸ್ ಹಿಡಿದವರಲ್ಲ.