ಮುಂದಿನ ಕಾರಿನಲ್ಲಿ ಏನೇನಿರಬೇಕು?

ಕಾರು ಕೊಂಡವರು ಮುಂದಿನ ಕಾರಿನಲ್ಲಿ ಏನೇನಿರಬೇಕೆಂದು ಬಯಸುತ್ತಾರೆ ಎನ್ನುವುದು ವ್ಯಾಪಾರಿಗಳು ಕೇಳಿಕೊಳ್ಳುವ ಪ್ರಶ್ನೆ. ಆದರೆ ಕಥೆ ಬರೆಯುವವನಿಗೆ ಮನುಷ್ಯರ ಬೇಕುಗಳ ಪಟ್ಟಿಗಿಂತ ಒಳ್ಳೆಯ ಸರಕು ಸಿಗಲಾರದು. ಅಮೆರಿಕದ ಟೆಸ್ಲಾ ಕಂಪೆನಿ 2012ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯಿಂದ ಮಾಡೆಲ್ ಎಸ್ ಎಂಬ ವಿದ್ಯುತ್ ಕಾರನ್ನು ಗಿರಾಕಿಗಳಿಗೆ ಕೊಡತೊಡಗಿತು. ದೊಡ್ಡ ಬ್ಯಾಟರಿಯ ಕಾರು ಒಂದು ಸಲ ಚಾರ್ಜ್ ಮಾಡಿದರೆ 265 ಮೈಲಿ, ಅಂದರೆ ಸುಮಾರು 426 ಕಿಲೋಮೀಟರ್ ಓಡುತ್ತದೆಂದು ಅಲ್ಲಿನ ಸರ್ಕಾರಿ ಲೆಕ್ಕವೇ ಹೇಳಿತು. ಹೊಗೆಯಿಲ್ಲ, ಸದ್ದಿಲ್ಲ, ಸ್ಟಿಯರಿಂಗ್ ಪಕ್ಕದಲ್ಲಿ 17 ಇಂಚಿನ ಪರದೆ. ಇಷ್ಟನ್ನು ಪಡೆದವರು ಇನ್ನೇನು ಕೇಳಿದರು? ಹಿಂದಿನ ಸೀಟಿನವರು ಕಾಫಿ ಲೋಟ ಇಡಲು ಒಂದು ಜಾಗ. ಕೋಟು ನೇತುಹಾಕಲು ಒಂದು ಕೊಕ್ಕೆ. ಹತ್ತಿ ಇಳಿಯುವಾಗ ಕೈಗೆ ಆಸರೆಯಾಗಿ ಬಾಗಿಲ ಮೇಲೊಂದು ಹಿಡಿ. ಸಣ್ಣಪುಟ್ಟ ಸಾಮಾನು ತುರುಕಲು ಬಾಗಿಲಿನಲ್ಲೊಂದು ಜೇಬು.

ಇದರಲ್ಲಿ ತಮಾಷೆ ಇದೆ. ಅದರ ಮೂರನೆಯ ಒಂದು ಪಾಲು ಬೆಲೆಯ ಸಾಮಾನ್ಯ ಕಾರುಗಳಲ್ಲಿ ಈ ಕೊಕ್ಕೆ, ಹಿಡಿ, ಲೋಟದ ಗೂಡು ಎಲ್ಲವೂ ಆಗಲೇ ಇದ್ದವು. ಭವಿಷ್ಯವನ್ನು ಕೊಂಡುಕೊಂಡವರಿಗೆ ಲೋಟ ಇಡುವ ಜಾಗ ಇರಲಿಲ್ಲ! ಇವು ಕೈಯ, ಮೈಯ ಬೇಕುಗಳು. ಇವುಗಳ ಜೊತೆಗೇ ಬೇರೆ ಬೇಕುಗಳೂ ಬೆಳೆದವು. ಬೇಸಿಗೆಯಲ್ಲಿ ಬೆನ್ನಿಗೆ ಗಾಳಿ ಬೀಸುವ ಸೀಟು ಬೇಕು, ನಾಲ್ಕೂ ಚಕ್ರಗಳು ಎಳೆಯಬೇಕು, ಇನ್ನಷ್ಟು ಮೈಲಿ ಓಡಬೇಕು, ಇನ್ನಷ್ಟು ಬೇಗ ಚಿಮ್ಮಬೇಕು. ಒಂದೊಂದಾಗಿ ಬಂದವು. ನಾಲ್ಕು ಚಕ್ರದ ಎಳೆತ 2014ರಲ್ಲಿ, ಆಮೇಲೆ ಗಾಳಿಯ ಸೀಟು, ಮುಂಬಂಪರಿನ ಕ್ಯಾಮೆರಾ 2025ರ ಜೂನ್‌ನಲ್ಲಿ. ಓಟದ ದೂರ 410 ಮೈಲಿಗೆ ಏರಿತು. ಆಗಲೂ ಪಟ್ಟಿ ಮುಗಿಯಲಿಲ್ಲ.

ಇಂಥ ಪಟ್ಟಿಗೆ ನಮ್ಮ ಜುಮಾ ಪ್ರವಚನಗಳಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ. ಕಾಯಿಲೆಯ ಹೆಸರು ಹಿರ್ಸ್, ದುರಾಸೆ. ಮದ್ದಿನ ಹೆಸರು ಖನಾಅತ್, ಇದ್ದುದರಲ್ಲಿ ತೃಪ್ತಿ. ಕುರ್‌ಆನಿನ 102ನೆಯ ಅಧ್ಯಾಯಕ್ಕೆ ಅತ್ತಕಾಸುರ್ ಎಂದೇ ಹೆಸರು. ಹೆಚ್ಚು ಹೆಚ್ಚು ಕೂಡಿಹಾಕುವ ಪೈಪೋಟಿ ಎಂದು ಅದರ ಅರ್ಥ. ಈ ಉತ್ತರ ಸುಳ್ಳೆಂದು ನಾನು ಹೇಳಲಾರೆ. ಆದರೆ ಇನ್ನೊಬ್ಬನ ಕಾರಿನ ಬಗ್ಗೆ ಹೇಳುವಾಗ ಅದು ಬಹಳ ಸಲೀಸಾಗಿ ನಾಲಗೆಗೆ ಬರುತ್ತದೆ ಎನ್ನುವುದು ನನ್ನ ಅನುಮಾನಕ್ಕೆ ಕಾರಣ. ಮಾಡೆಲ್ ಎಸ್ ನಮ್ಮ ಬೀದಿಯ ಕಾರಲ್ಲ. ಕಂಪೆನಿ ತನ್ನ ಭಾರತೀಯ ಶಾಖೆಯನ್ನು 2021ರ ಜನವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ನೋಂದಾಯಿಸಿತಾದರೂ 2025ರ ಜುಲೈನಲ್ಲಿ ಮುಂಬೈಯಲ್ಲಿ ಮೊದಲ ಶೋರೂಮ್ ತೆರೆದಾಗ ಮಾರಲು ಇಟ್ಟದ್ದು ಮಾಡೆಲ್ ವೈ ಎಂಬ ಬೇರೆ ಕಾರನ್ನು. ದೂರದ ಶ್ರೀಮಂತನಿಗೆ ಖನಾಅತ್ ಬೋಧಿಸುವುದಕ್ಕೆ ನಮಗೆ ಖರ್ಚೇನೂ ಇಲ್ಲ.

14ನೆಯ ಶತಮಾನದಲ್ಲಿ ಗ್ರನಾಡದಲ್ಲಿ ಬದುಕಿದ್ದ ಇಮಾಮ್ ಶಾತಿಬಿ ಬೇಕುಗಳನ್ನು ಅಳೆಯಲು ಇದಕ್ಕಿಂತ ಸೂಕ್ಷ್ಮವಾದ ತಕ್ಕಡಿಯನ್ನು ಬಳಸಿದರು. ಅವರಿಗೂ ಹಿಂದೆ ಇಮಾಮ್ ಗಝಾಲಿ ಹಾಕಿದ್ದ ದಾರಿ ಅದು. ಇಲ್ಲದಿದ್ದರೆ ಬದುಕೇ ಕೆಡುವಂಥವು ಝರೂರಿಯಾತ್, ಇಲ್ಲದಿದ್ದರೆ ಬದುಕು ಕಷ್ಟವಾಗುವಂಥವು ಹಾಜಿಯಾತ್, ಬದುಕಿಗೆ ಅಂದ ಕೊಡುವಂಥವು ತಹ್ಸೀನಿಯಾತ್. ಇದರಲ್ಲಿ ನನಗೆ ಹಿಡಿಸುವುದು ಮೂರನೆಯದು. ಅಂದವನ್ನು ಅವರು ಪಾಪದ ಖಾತೆಗೆ ಬರೆಯಲಿಲ್ಲ. ಅದಕ್ಕೂ ಒಂದು ಜಾಗ ಇಟ್ಟರು, ಕೊನೆಯಲ್ಲಿ. ಇನ್ನೊಂದು ಮಾತು. ಈ ಮೂರರ ಗಡಿ ನಿಂತಲ್ಲಿ ನಿಲ್ಲುವುದಿಲ್ಲ. ವೋಲ್ವೊ ಕಂಪೆನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ಎದೆಗೂ ಸೊಂಟಕ್ಕೂ ಒಟ್ಟಿಗೆ ಬಿಗಿಯುವ ಸೀಟ್ ಬೆಲ್ಟನ್ನು 1959ರಲ್ಲಿ ತಂದಾಗ ಬಹುತೇಕ ಕಾರುಗಳಲ್ಲಿ ಅಂಥದ್ದು ಇರಲಿಲ್ಲ. ಕಂಪೆನಿ ಅದರ ಪೇಟೆಂಟನ್ನು ಬೇರೆಯವರೂ ಬಳಸಲು ಬಿಟ್ಟಿತು. ಇಂದು ಅದಿಲ್ಲದ ಕಾರು ಮಾರಿದರೆ ಅಪರಾಧ. ಯಾವನೋ ಒಬ್ಬ ಇನ್ನೂ ಸ್ವಲ್ಪ ಬೇಕು ಅಂದದ್ದರಿಂದ ಎಷ್ಟೋ ಜನ ಬದುಕಿದ್ದಾರೆ. ಹೀಗಾಗಿ, ಬಯಸಿದ್ದೇ ತಪ್ಪು ಎಂದು ಕಾರಿನವರನ್ನು ಗದರಿಸಲು ನನಗೆ ಧೈರ್ಯ ಸಾಲದು.

ಹಾಗೆಂದು ಅವರ ಎಲ್ಲ ದುಃಖವೂ ದುಃಖವಲ್ಲ. 2014ರ ಅಕ್ಟೋಬರ್‌ನಲ್ಲಿ ಕಂಪೆನಿ ಎರಡು ಮೋಟಾರಿನ ಮಾದರಿಯನ್ನೂ, ತಾನೇ ವೇಗ ಹೊಂದಿಸಿಕೊಂಡು ಸಾಗುವ ಆಟೋಪೈಲಟ್ ಸಲಕರಣೆಯನ್ನೂ ಘೋಷಿಸಿತು. ಹಳೆಯ ಕಾರುಗಳಿಗೆ ಅದನ್ನು ಜೋಡಿಸಲು ಬರುವುದಿಲ್ಲ ಎಂದಿತು. ಕೆಲವೇ ವಾರಗಳ ಹಿಂದೆ ಕಾರು ಪಡೆದವರಿಗೆ ಮೋಸಹೋದಂತಾಯಿತು. ನಿನ್ನೆ ಓಡಿದಷ್ಟೇ ದೂರ ಆ ಕಾರು ಇಂದೂ ಓಡುತ್ತಿತ್ತು. ಅದರಿಂದ ಒಂದು ಮೊಳೆಯೂ ಕಳಚಿರಲಿಲ್ಲ. ಕಳಚಿದ್ದು ಎಲ್ಲರಿಗಿಂತ ಮುಂದಿದ್ದೇನೆ ಎಂಬ ಭಾವ ಮಾತ್ರ. ಇನ್ನು 2021ರಲ್ಲಿ ಕಂಪೆನಿ ದುಂಡನೆಯ ಸ್ಟಿಯರಿಂಗನ್ನು ಕಿತ್ತು ವಿಮಾನದಲ್ಲಿರುವಂಥ ಅರ್ಧ ಚಕ್ರವನ್ನು ಕೂರಿಸಿತು. ಇಂಡಿಕೇಟರ್ ಕಡ್ಡಿಯೂ ಹೋಗಿ ಗುಂಡಿಗಳು ಬಂದವು. 2023ರ ಹೊತ್ತಿಗೆ ದುಂಡು ಚಕ್ರ ಮರಳಿತು. ಅರ್ಧ ಚಕ್ರದವರು ಬದಲಿಸಿಕೊಳ್ಳಬೇಕಾದರೆ 700 ಡಾಲರ್. ನಿನ್ನೆ ಪುಕ್ಕಟೆ ಇದ್ದದ್ದನ್ನು ಇಂದು ಬಯಸುವಂತೆ ಮಾಡುವುದೂ ಒಂದು ವಿದ್ಯೆಯೇ.

ಆ ಪಟ್ಟಿಯಲ್ಲಿ ಕಾಣದ ಒಂದು ಬೇಕೂ ಇದೆ. ಮಾಡೆಲ್ ಎಸ್ ಬ್ಯಾಟರಿಯೊಳಗೆ ಕೋಬಾಲ್ಟ್ ಇದೆ. ಲೋಕದ ಕೋಬಾಲ್ಟಿನ ಬಹುಪಾಲು ಅಗೆಯುವುದು ಕಾಂಗೋದಲ್ಲಿ. ಅಲ್ಲಿನ ಕೈಗುದ್ದಲಿಯ ಗಣಿಗಳಲ್ಲಿ ಮಕ್ಕಳು ದುಡಿಯುವ ಬಗ್ಗೆ ಆಮ್ನೆಸ್ಟಿ ಸಂಸ್ಥೆ 2016ರಲ್ಲಿ ವರದಿ ಮಾಡಿತು. ಗಣಿಯಲ್ಲಿ ಸತ್ತ, ಅಂಗ ಊನವಾದ ಮಕ್ಕಳ ಕುಟುಂಬಗಳ ಪರವಾಗಿ 2019ರಲ್ಲಿ ಟೆಸ್ಲಾ ಸೇರಿದಂತೆ ಐದು ಅಮೆರಿಕನ್ ಕಂಪೆನಿಗಳ ಮೇಲೆ ಮೊಕದ್ದಮೆ ಹೂಡಲಾಯಿತು. ಸರಬರಾಜಿನ ಸರಪಳಿಯ ಮೂಲಕ ಕೊಂಡ ಮಾತ್ರಕ್ಕೆ ಕೊಂಡವನು ಪಾಲುದಾರನಾಗುವುದಿಲ್ಲ ಎಂದು 2024ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಹೇಳಿತು. ಕಾನೂನಿನಲ್ಲಿ ಅದು ಸರಿಯಿರಬಹುದು.

ನನ್ನನ್ನು ಬಹಳ ಕಾಡಿದ್ದು ಇವಾವುವೂ ಅಲ್ಲ, ಒಂದು ಬೀಗ. ಮೊದಲು ಕಂಪೆನಿ ಮೂರು ಅಳತೆಯ ಬ್ಯಾಟರಿಗಳನ್ನು ಹೇಳಿತ್ತು: 40, 60 ಮತ್ತು 85 ಕಿಲೋವ್ಯಾಟ್ ಅವರ್. ನಮ್ಮ ಮನೆಯ ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ 40, 60, 85 ಯೂನಿಟ್. ಚಿಕ್ಕದನ್ನು ಕೇಳಿದವರು ನೂರಕ್ಕೆ ನಾಲ್ಕು ಮಂದಿ ಮಾತ್ರ. ಅಷ್ಟು ಜನರಿಗಾಗಿ ಬೇರೆ ಬ್ಯಾಟರಿ ಮಾಡುವುದು ಲಾಭವಲ್ಲವೆಂದು 2013ರಲ್ಲಿ ಕಂಪೆನಿ ಅವರಿಗೂ 60 ಯೂನಿಟ್ಟಿನದನ್ನೇ ಕೂರಿಸಿತು, ಆದರೆ 40ಕ್ಕಿಂತ ಹೆಚ್ಚು ಬಳಸಲಾಗದಂತೆ ಸಾಫ್ಟ್‌ವೇರಿನ ಬೀಗ ಹಾಕಿತು. ಹಣ ಕೊಟ್ಟರೆ ಬೀಗ ತೆಗೆಯುವುದು. 2016ರಲ್ಲಿ ಮತ್ತೆ ಇದೇ ಉಪಾಯ: ಒಳಗೆ 75 ಯೂನಿಟ್, ಹಣೆಯ ಮೇಲೆ 60 ಎಂಬ ಅಂಕಿ. ಮಾಲೀಕ ಇನ್ನಷ್ಟು ಮೈಲಿ ಬೇಕೆಂದು ಮುಂದಿನ ಕಾರಿನ ಕನಸು ಕಾಣುತ್ತಿರುತ್ತಾನೆ. ಆ ಮೈಲಿಗಳು ಅವನ ಕಾಲ ಕೆಳಗೇ ಮಲಗಿರುತ್ತವೆ. ಅವುಗಳ ಭಾರವನ್ನು ಅವನೇ ದಿನವೂ ಹೊತ್ತು ತಿರುಗುತ್ತಾನೆ.

ಇದರಲ್ಲಿ ಅನ್ಯಾಯ ಎಲ್ಲಿದೆ? ಎಷ್ಟು ಹುಡುಕಿದರೂ ಸುಲಭವಾಗಿ ಸಿಗುವುದಿಲ್ಲ. ನಮ್ಮ ಫಿಖ್‌ಹ್ ಶಾಸ್ತ್ರದಲ್ಲಿ ಮಾರುವವನು ಸರಕಿನ ದೋಷವನ್ನು ಮುಚ್ಚಿಡಬಾರದು. ಇಲ್ಲಿ ಮುಚ್ಚಿಟ್ಟದ್ದೇನೂ ಇಲ್ಲ. 40ಕ್ಕೆ ಹಣ ಕೊಟ್ಟ, 40 ಸಿಕ್ಕಿತು. ಪೂರ್ತಿ ತುಂಬದ ಬ್ಯಾಟರಿ ಹೆಚ್ಚು ಕಾಲ ಬಾಳುವುದರಿಂದ ಅವನಿಗೆ ಒಂದಿಷ್ಟು ಲಾಭವೂ ಆಯಿತು. ನಮ್ಮ ಮನೆಯ ಸೆಟ್ ಟಾಪ್ ಬಾಕ್ಸಿಗೂ ಎಲ್ಲ ಚಾನೆಲ್ಲುಗಳೂ ಬಂದೇ ಬರುತ್ತವೆ, ಹಣ ಕಟ್ಟಿದವು ಮಾತ್ರ ಪರದೆಯ ಮೇಲೆ ಮೂಡುತ್ತವೆ. ಅದಕ್ಕೆ ನಾವು ಜಗಳ ಮಾಡಿದ್ದುಂಟೆ?

ಆದರೂ ಮನಸ್ಸು ಒಪ್ಪುವುದಿಲ್ಲ. 1849ರಲ್ಲಿ ಜೂಲ್ ಡ್ಯುಪ್ವಿ ಎಂಬ ಫ್ರೆಂಚ್ ಎಂಜಿನಿಯರ್ ರೈಲಿನ ಮೂರನೇ ದರ್ಜೆಯ ಬಗ್ಗೆ ಬರೆದದ್ದು ನೆನಪಾಗುತ್ತದೆ. ಆಗಿನ ಕೆಲವು ಕಂಪೆನಿಗಳ ಮೂರನೇ ದರ್ಜೆಯ ಬೋಗಿಗಳಿಗೆ ಸೂರೇ ಇರಲಿಲ್ಲ, ಬೆಂಚುಗಳು ಬರೀ ಮರದವು. ಸೂರು ಹಾಕಲು ದುಡ್ಡಿಲ್ಲದೆ ಹಾಗೆ ಮಾಡಿದ್ದಲ್ಲ, ಎರಡನೇ ದರ್ಜೆಯ ಹಣ ಕೊಡಬಲ್ಲವನು ಕೆಳಗಿನ ದರ್ಜೆಗೆ ಬಾರದಿರಲಿ ಎಂದು ಹಾಗೆ ಮಾಡಿದರು ಎಂಬುದು ಅವನ ವಿವರಣೆ. ಬಡವನನ್ನು ಮಳೆಯಲ್ಲಿ ನೆನೆಸುವುದು ಅವರ ಉದ್ದೇಶವಾಗಿರಲಿಲ್ಲ. ಉಳ್ಳವನನ್ನು ಹೆದರಿಸಲು ಬಡವ ನೆನೆಯಬೇಕಾಯಿತು. ಕಾರಿನ ಕೊಳ್ಳುಗರಲ್ಲಿ ಬಡವ ಯಾರೂ ಇಲ್ಲ, ನಿಜ. ಆದರೆ ರೈಲಿನವರು ಸೂರನ್ನು ಹಾಕಿರಲಿಲ್ಲ, ಇವರು ಹಾಕಿದ ಸೂರನ್ನು ಮಡಚಿ ಬೀಗ ಹಾಕಿದರು.

ಕುರ್‌ಆನಿನಲ್ಲಿ ಮಾಊನ್ ಎಂಬ ಇನ್ನೊಂದು ಚಿಕ್ಕ ಅಧ್ಯಾಯವಿದೆ. ಆ ಪದಕ್ಕೆ ನೆರೆಮನೆಯವರು ಕೇಳಿ ಪಡೆಯುವ ಪಾತ್ರೆ, ಬಕೆಟ್ಟು, ಕೊಡಲಿಯಂಥ ದಿನಬಳಕೆಯ ಸಾಮಾನು ಎಂದು ಅನೇಕ ವ್ಯಾಖ್ಯಾನಕಾರರು ಅರ್ಥ ಹೇಳಿದ್ದಾರೆ. ಕೊಟ್ಟರೆ ಕೊಟ್ಟವನಿಗೆ ನಷ್ಟವಾಗದ ವಸ್ತುಗಳು. ಅವನ್ನು ತಡೆಹಿಡಿಯುವವರ ಬಗೆಗಿನ ಕಟುಮಾತಿನಿಂದಲೇ ಆ ಅಧ್ಯಾಯ ಮುಗಿಯುತ್ತದೆ. ಚಿಕ್ಕವನಾಗಿದ್ದಾಗ ಇದು ನನಗೆ ವಿಚಿತ್ರವೆನಿಸಿತ್ತು. ಕೊಲೆ, ಕಳ್ಳತನಗಳಂಥ ದೊಡ್ಡ ಪಾಪಗಳಿರುವಾಗ ಒಂದು ಬಕೆಟ್ಟಿನ ಮೇಲೆ ಇಷ್ಟು ಸಿಟ್ಟೇಕೆ? ಈಗ ಅನಿಸುತ್ತದೆ, ನಷ್ಟದ ಭಯದಿಂದ ಕೊಡದವನಿಗೆ ಒಂದು ನೆಪವಾದರೂ ಇದೆ, ನಷ್ಟವಿಲ್ಲದಿದ್ದರೂ ಕೊಡದವನಿಗೆ ಅದೂ ಇಲ್ಲ. ಹಾಗಾಗಿ ಕಾರಿನವರ ಪಟ್ಟಿಯ ಮುಂದೆ ಎಷ್ಟು ಬಯಸಿದರು ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಯಾವುದನ್ನು ಯಾಕೆ ತಡೆಹಿಡಿಯಲಾಯಿತು ಎಂದು ಕೇಳುತ್ತೇನೆ. ಕೊಕ್ಕೆಯನ್ನು ಹಾಕದಿದ್ದದ್ದು ಮರೆವು. ಗಾಳಿಯ ಸೀಟನ್ನು ಕೊಡದಿದ್ದದ್ದು ಖರ್ಚು. ಬೀಗ ಇವೆರಡೂ ಅಲ್ಲ.

2022ರ ಜುಲೈನಲ್ಲಿ ಬೆಳಕಿಗೆ ಬಂದ ಒಂದು ಸಂಗತಿ ಹೀಗಿದೆ. 60 ಯೂನಿಟ್ಟಿನ ಒಂದು ಹಳೆಯ ಮಾಡೆಲ್ ಎಸ್ ಕಾರಿನ ಬ್ಯಾಟರಿ ಕೆಟ್ಟಾಗ ಕಂಪೆನಿ ವಾರಂಟಿಯಲ್ಲಿ 90 ಯೂನಿಟ್ಟಿನದನ್ನು ಹಾಕಿಕೊಟ್ಟಿತ್ತು, ಬೀಗವಿಲ್ಲದೆ. ಕಾರು ಕೈಯಿಂದ ಕೈಗೆ ಹೋಗಿ ಮೂರನೆಯ ಮಾಲೀಕನಿಗೆ ಬಂತು. ಅವನು ಅದನ್ನು 90 ಎಂದೇ ನಂಬಿ ಕೊಂಡಿದ್ದ. ಸರ್ವಿಸಿಗೆ ಬಿಟ್ಟು ಮನೆಗೆ ತಂದ ಮೇಲೆ ಕಂಪೆನಿ ದೂರದಿಂದಲೇ ತಪ್ಪನ್ನು ಸರಿಪಡಿಸಿ ಕಾರನ್ನು ಮತ್ತೆ 60 ಮಾಡಿತು. ಸುಮಾರು 80 ಮೈಲಿ ಓಟ ಹೋಯಿತು. ತೆರೆಯಬೇಕಾದರೆ 4500 ಡಾಲರ್. ಸುದ್ದಿ ಹರಡಿ ಜನ ಉಗಿದ ಮೇಲೆ ಕಂಪೆನಿ ಹಿಂದೆ ಸರಿಯಿತು. ಮನೆಯ ಮುಂದೆ ನಿಂತ ಕಾರು ಯಾರದ್ದು? ಬೀಗದ ಕೈ ಇರುವವನದ್ದು ತಾನೆ? ಉರ್ದುವಿನಲ್ಲಿ ಮಿಲ್ಕಿಯತ್ ಎನ್ನುತ್ತೇವೆ, ಒಡೆತನ. ಬಯಕೆಯ ಬಗ್ಗೆ ಇಷ್ಟು ಬೋಧಿಸುವ ನಾವು ಒಡೆತನ ಸದ್ದಿಲ್ಲದೆ ಜಾರಿಹೋಗುತ್ತಿರುವ ಬಗ್ಗೆ ಯಾಕೆ ಮಾತಾಡುವುದಿಲ್ಲವೋ!

ಅಂದಹಾಗೆ, 2026ರ ಜನವರಿಯಲ್ಲಿ ಕಂಪೆನಿ ಮಾಡೆಲ್ ಎಸ್ ತಯಾರಿಕೆಯನ್ನೇ ನಿಲ್ಲಿಸುವುದಾಗಿ, ಫ್ರೀಮಾಂಟ್‌ನ ಆ ಜಾಗದಲ್ಲಿ ಮನುಷ್ಯಾಕಾರದ ಯಂತ್ರಗಳನ್ನು ಮಾಡುವುದಾಗಿ ಹೇಳಿತು. ಮುಂದಿನ ಕಾರಿಗೆಂದು ಇಟ್ಟುಕೊಂಡಿದ್ದ ಬೇಕುಗಳು ಹಾಗೇ ಉಳಿದವು.

ಬೀಗದ ಕಥೆಯಲ್ಲಿ ಒಂದು ಪುಟ ಮಾತ್ರ ಬೇರೆಯಾಗಿದೆ. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ ಫ್ಲೋರಿಡಾದ ಕಡೆಗೆ ಬರುತ್ತಿತ್ತು. 60 ಲಕ್ಷಕ್ಕೂ ಹೆಚ್ಚು ಜನರಿಗೆ ಮನೆ ಬಿಡುವಂತೆ ಸೂಚಿಸಲಾಗಿತ್ತು. ಬೀಗದ ಬ್ಯಾಟರಿಯ ಕಾರಿದ್ದ ಒಬ್ಬ ಮಾಲೀಕ, ತಾನು ತಪ್ಪಿಸಿಕೊಂಡು ಹೋಗಲು ಇನ್ನು 30 ಮೈಲಿಯಷ್ಟು ಕಡಿಮೆ ಬೀಳುತ್ತಿದೆಯೆಂದು ಕಂಪೆನಿಯನ್ನು ಕೇಳಿಕೊಂಡ. ಕಂಪೆನಿ ಅವನ ಬೀಗ ತೆಗೆಯಿತು. ಆ ಪ್ರದೇಶದಲ್ಲಿದ್ದ ಅಂಥ ಎಲ್ಲ ಕಾರುಗಳದ್ದನ್ನೂ ತೆಗೆಯಿತು. ಯಾರೂ ಬಾಗಿಲು ತಟ್ಟಲಿಲ್ಲ, ಸ್ಪ್ಯಾನರ್ ಹಿಡಿದ ಮೆಕ್ಯಾನಿಕ್ ಬರಲಿಲ್ಲ, ಹಣ ಕೇಳಲಿಲ್ಲ. ನಿಂತಲ್ಲೇ ಕಾರುಗಳು ಇನ್ನಷ್ಟು ದೂರ ಓಡಬಲ್ಲವಾದವು. ಕೆಲವರಿಗೆ ಪರದೆಯ ಮೇಲೆ ಹೆಚ್ಚಿದ ಅಂಕಿ ಕಂಡು ಆಶ್ಚರ್ಯವಾಯಿತಂತೆ. ಸೆಪ್ಟೆಂಬರ್ 16ರವರೆಗೆ ಎಂದು ಕಂಪೆನಿ ಗಡುವು ಹಾಕಿತ್ತು. ಆಮೇಲೆ ಬೀಗ ಮತ್ತೆ ತನ್ನ ಜಾಗಕ್ಕೆ ಬಂತು.